ಸೈಕಲ್ ಸವಾರರು ರಸ್ತೆಯ ಅಂಚಿಗೆ ಎಷ್ಟು ಹತ್ತಿರ ಸಾಗಬೇಕು?

ಪ್ರಶ್ನೆ:
ಹಲವು ವರ್ಷ ಕಾರು ಓಡಿಸಿದ ನಾನು ಆರು ತಿಂಗಳಿಂದ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೇನೆ. ಯಾರಿಗೂ ಅಡ್ಡಿಯಾಗಬಾರದೆಂದು ರಸ್ತೆಯ ತೀರಾ ಅಂಚಿನಲ್ಲಿ ಸಾಗಿದರೆ ಕಾರುಗಳು ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋಗುತ್ತವೆ. ಸ್ವಲ್ಪ ಒಳಕ್ಕೆ ಬಂದರೆ ಹಿಂದಿನಿಂದ ಹಾರ್ನ್ ಶುರುವಾಗುತ್ತದೆ. ಕಳೆದ ವಾರ ಚರಂಡಿಯ ಜಾಲರಿಯೊಂದನ್ನು ತಪ್ಪಿಸಲು ಒಂದಡಿಯಷ್ಟು ಸರಿದಾಗ ಕಾರೊಂದರ ಕನ್ನಡಿ ನನ್ನ ಹ್ಯಾಂಡಲ್ಲನ್ನು ಸವರಿಕೊಂಡು ಹೋಯಿತು. ಬೀಳಲಿಲ್ಲ, ಆದರೆ ಕೈನಡುಕ ನಿಲ್ಲಲು ಬಹಳ ಹೊತ್ತು ಬೇಕಾಯಿತು. ಸವಾರ ನಿಜವಾಗಿ ರಸ್ತೆಯ ಯಾವ ಭಾಗದಲ್ಲಿರಬೇಕು? ವಾಹನ ಚಾಲಕರೂ ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ 1:
ಅಂಚಿಗೆ ಅಂಟಿಕೊಂಡು ಸಾಗುವುದು ಸೌಜನ್ಯವೆಂದು ನಾವು ಭಾವಿಸುತ್ತೇವೆ. ಹಿಂದಿರುವ ಚಾಲಕನಿಗೆ ಮಾತ್ರ ಅದು ‘ಜಾಗವಿದೆ, ನುಗ್ಗಿ’ ಎಂದು ಕರೆದಂತೆ ಕಾಣುತ್ತದೆ. ಬ್ರಿಟನ್ನಿನ ರಸ್ತೆ ನಿಯಮಾವಳಿಗೆ 2022ರಲ್ಲಿ ಆದ ತಿದ್ದುಪಡಿಯು ದಟ್ಟಣೆಯ ರಸ್ತೆಯಲ್ಲಿ ಅಂಚಿನಿಂದ ಕನಿಷ್ಠ ಅರ್ಧ ಮೀಟರ್ ಬಿಟ್ಟು ಸಾಗಬೇಕೆಂದೂ, ರಸ್ತೆ ಕಿರಿದಾಗುವಲ್ಲಿ ಮತ್ತು ಕೂಡುರಸ್ತೆ ಸಮೀಪಿಸಿದಾಗ ಪಥದ ನಡುವಿಗೇ ಬರಬಹುದೆಂದೂ ಹೇಳುತ್ತದೆ. ನಿಮ್ಮ ಜಾಲರಿಯ ಪ್ರಸಂಗದಲ್ಲಿ ಆದದ್ದು ಇದೇ: ಮೊದಲಿನಿಂದಲೂ ಒಳಗಿದ್ದಿದ್ದರೆ ಥಟ್ಟನೆ ಸರಿಯುವ ಅಗತ್ಯವೇ ಬರುತ್ತಿರಲಿಲ್ಲ.

ನಿಂತ ಕಾರುಗಳ ಸಾಲಿನ ಪಕ್ಕದಲ್ಲಂತೂ ಒಂದು ಬಾಗಿಲಿನ ಅಗಲ, ಅಂದರೆ ಸುಮಾರು ಒಂದು ಮೀಟರ್, ಬಿಡಲೇಬೇಕು. ಗಂಟೆಗೆ 20 ಕಿಲೋಮೀಟರ್ ವೇಗದ ಸೈಕಲ್ ಸೆಕೆಂಡಿಗೆ ಐದೂವರೆ ಮೀಟರ್ ದಾಟುತ್ತದೆ. ಎದುರಿಗೇ ಬಾಗಿಲು ತೆರೆದರೆ ಬ್ರೇಕ್ ಹಿಡಿಯುವುದಕ್ಕೂ ಸಮಯವಿರುವುದಿಲ್ಲ.

ಉತ್ತರ 2:
ನಾನು ದಿನವೂ ಕಾರು ಓಡಿಸುವವನು. ಸೈಕಲ್ಲಿನ ಮುಂಗಾಲಿ ಅತ್ತಿತ್ತ ಸಣ್ಣದಾಗಿ ತಿರುಗುತ್ತಿರುವುದರಿಂದಲೇ ಅದು ಬೀಳದೆ ನಿಲ್ಲುತ್ತದೆ ಎಂಬುದನ್ನು ಚಾಲಕರು ಮರೆಯುತ್ತಾರೆ. ಸವಾರ ಗೆರೆ ಎಳೆದಂತೆ ನೇರವಾಗಿ ಸಾಗಲಾರ. ದೊಡ್ಡ ವಾಹನ ರಭಸದಿಂದ ಹಾದುಹೋದಾಗ ಎದ್ದ ಗಾಳಿಯೂ ಅವನನ್ನು ತಳ್ಳುತ್ತದೆ. ಜರ್ಮನಿಯಲ್ಲಿ 2020ರಿಂದ ಸೈಕಲ್ಲನ್ನು ಹಿಂದಿಕ್ಕುವಾಗ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್ ಅಂತರ ಕಡ್ಡಾಯವಾಗಿರುವುದಕ್ಕೆ ಕಾರಣ ಇಂಥದ್ದೇ. ಅಷ್ಟು ಜಾಗ ಸಿಗದಿದ್ದರೆ ಹಿಂದೆಯೇ ಕಾಯಬೇಕು. ಹಾಗೆ ಕಳೆದುಕೊಳ್ಳುವ ಕೆಲವು ಸೆಕೆಂಡುಗಳು ಮುಂದಿನ ಕೆಂಪು ದೀಪದಲ್ಲಿ ಹೇಗೂ ಲೆಕ್ಕಕ್ಕೆ ಬರುವುದಿಲ್ಲ.

ಬಾಗಿಲಿನ ಮಾತು ಬಂದದ್ದರಿಂದ ಹೇಳುತ್ತೇನೆ: ಬಾಗಿಲಿಗೆ ಹತ್ತಿರದ ಕೈಯ ಬದಲು ಆಚೆಯ ಕೈಯಿಂದ ಅದನ್ನು ತೆರೆಯುವುದು ಒಳ್ಳೆಯ ರೂಢಿ. ಹಾಗೆ ಮಾಡಿದಾಗ ಹೆಗಲು ತಾನಾಗಿ ಹೊರಳಿ ಕಣ್ಣು ಹಿಂದಕ್ಕೆ ಹೋಗುತ್ತದೆ.

ಸವಾರರ ಮೇಲೆ ನನ್ನ ದೂರು ಒಂದೇ. ದೀಪವಿಲ್ಲದೆ ಕತ್ತಲಲ್ಲಿ ಎದುರು ದಿಕ್ಕಿನಿಂದ ಬಂದರೆ ಇಬ್ಬರ ವೇಗವೂ ಕೂಡಿಕೊಂಡು, ಗುರುತಿಸುವಷ್ಟರಲ್ಲಿ ಅಂತರವೇ ಮುಗಿದಿರುತ್ತದೆ.

ಉತ್ತರ 3:
ಲಾರಿ ಓಡಿಸಿದ ಅನುಭವದಿಂದ ಇಷ್ಟು ಸೇರಿಸುತ್ತೇನೆ. ಉದ್ದನೆಯ ವಾಹನ ತಿರುಗುವಾಗ ಹಿಂಗಾಲಿಗಳು ಮುಂಗಾಲಿಗಳ ಜಾಡಿನಲ್ಲಿ ಬರದೆ ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತವೆ. ಸಿಗ್ನಲ್ಲಿನಲ್ಲಿ ಆ ಕಡೆ ಕ್ಯಾಬಿನ್ನಿನ ಪಕ್ಕ ನಿಂತ ಸೈಕಲ್ ಚಾಲಕನಿಗೆ ಕಾಣದೇ ಹೋಗಬಹುದು. ಲಾರಿಯ ಕನ್ನಡಿಯಲ್ಲಿ ನಿಮಗೆ ಚಾಲಕನ ಮುಖ ಕಾಣದಿದ್ದರೆ ಅವನಿಗೆ ನೀವೂ ಕಾಣುತ್ತಿಲ್ಲವೆಂದೇ ತಿಳಿದು, ಪಕ್ಕದಲ್ಲಿ ನುಸುಳದೆ ಹಿಂದೆಯೇ ನಿಲ್ಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಎರಡು ದಿನ ಅಂಚಿನಿಂದ ಸುಮಾರು ಒಂದು ಮೀಟರ್ ಒಳಗೆ ಸಾಗಿ ನೋಡಿದೆ. ಹಾರ್ನ್ ನಿಂತಿಲ್ಲ, ಆದರೆ ಹೆಚ್ಚಿನ ಕಾರುಗಳು ಪಕ್ಕದ ಪಥಕ್ಕೆ ಹೋಗಿಯೇ ಹಿಂದಿಕ್ಕಿದವು. ಏರಿನಲ್ಲಿ ನನ್ನ ವೇಗ ತೀರಾ ಇಳಿದು ಹಿಂದೆ ಸಾಲು ಬೆಳೆದರೆ ಏನು ಮಾಡಬೇಕು?

ಉತ್ತರ 1:
ರಸ್ತೆ ಅಗಲವಾಗುವ ಕಡೆ ಹಿಂದೆ ನೋಡಿ, ಕೈ ತೋರಿಸಿ ಬದಿಗೆ ಸರಿದು ಬಿಟ್ಟುಕೊಡಿ. ಕಿರಿದಾದ ತಿರುವಿನಲ್ಲಿ ಮಾತ್ರ ಯಾರೆಷ್ಟೇ ಹಾರ್ನ್ ಮಾಡಿದರೂ ಸರಿಯಬೇಡಿ.