ಒಂದು ಬ್ಯಾನರ್ ಬಂತು, 38 ಟೆಸ್ಟ್ ಹೋಯಿತು: ಯಾವ ಲೊಕೇಟರ್ ನಂಬೋದು?

ಹೊಸ ಕ್ಯೂಎ:
ನಮಸ್ಕಾರ. ಮ್ಯಾನ್ಯುಯಲ್ ಟೆಸ್ಟಿಂಗ್ ಬಿಟ್ಟು ಆಟೊಮೇಶನ್‌ಗೆ ಬಂದು ಐದು ತಿಂಗಳಾಯಿತು. ಬ್ರೌಸರ್ ಅನ್ನು ತಾನೇ ಓಡಿಸುವ ಸೆಲೆನಿಯಂ ಟೂಲ್, ಜಾವಾ ಭಾಷೆ. ನಮ್ಮದು ದಿನಸಿ ಆರ್ಡರ್ ಮಾಡುವ ಸೈಟ್, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇದೆ. ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಮಾಡಿ ಫುಲ್ ಎಕ್ಸ್‌ಪಾತ್, ಅಂದರೆ ಪುಟದ ಬುಡದಿಂದ ಬಟನ್‌ವರೆಗಿನ ಪೂರ್ತಿ ದಾರಿ, ಕಾಪಿ ಮಾಡಿ ಲೊಕೇಟರ್ (ಯಾವ ಬಟನ್ ಅಂತ ಟೆಸ್ಟ್‌ಗೆ ಹೇಳುವ ಗುರುತು) ಆಗಿ ಹಾಕುತ್ತಿದ್ದೆ. ಕಳೆದ ವಾರ ಹಬ್ಬದ ಆಫರ್ ಅಂತ ಪುಟದ ಮೇಲ್ಗಡೆ ಒಂದು ಬ್ಯಾನರ್ ಸೇರಿಸಿದರು. ಒಂದೇ ಒಂದು ಡಿವ್ (ಪುಟದ ಕೋಡ್‌ನಲ್ಲಿ ಒಂದು ಡಬ್ಬಿ). ಬೆಳಿಗ್ಗೆ ನೋಡಿದರೆ 52ರಲ್ಲಿ 38 ಟೆಸ್ಟ್ ಫೇಲ್! ಸೈಟ್ ಮಾತ್ರ ಚೆನ್ನಾಗೇ ಇತ್ತು. ಆಮೇಲೆ ಕ್ಲಾಸ್ ಹೆಸರು (ಡಿಸೈನ್‌ಗೆ ಅಂತ ಕೋಡ್‌ನಲ್ಲಿ ಬಟನ್‌ಗೆ ಕೊಡುವ ಹೆಸರು) ಹಿಡಿದೆ. ಮೊನ್ನೆ ಸೈಟ್‌ನ ಹೊಸ ಬಿಲ್ಡ್ (ಕೋಡ್‌ನಿಂದ ಮತ್ತೆ ಕಟ್ಟಿದ ಆವೃತ್ತಿ) ಬಂದಾಗ ಅದೂ ಹೋಯಿತು. "ನಿಮ್ಮ ಟೆಸ್ಟ್ ನಂಬೋದೋ ಬೇಡ್ವೋ" ಅಂತ ಮ್ಯಾನೇಜರ್ ಕೇಳುತ್ತಿದ್ದಾರೆ.

ಹಳೇ ಟೆಸ್ಟರ್:
ಫುಲ್ ಎಕ್ಸ್‌ಪಾತ್ ಅಂದರೆ "ಎರಡನೇ ಕ್ರಾಸ್, ಎಡಕ್ಕೆ ನಾಲ್ಕನೇ ಮನೆ" ಅನ್ನೋ ವಿಳಾಸ. ಮಧ್ಯೆ ಒಂದು ಮನೆ ಕಟ್ಟಿದರೆ ಪೋಸ್ಟ್‌ಮ್ಯಾನ್ ಪಕ್ಕದ ಮನೆ ಬಾಗಿಲು ತಟ್ಟುತ್ತಾನೆ. ನಿಮಗೆ ಆಗಿದ್ದು ಅದೇ.

ಕ್ಲಾಸ್ ಹೆಸರಿನ ಕೊನೆಯಲ್ಲಿ ಅರ್ಥವಿಲ್ಲದ ಅಕ್ಷರ, ಅಂಕಿ ಇದ್ದವಾ? ಹಾಗಿದ್ದರೆ ಅದು ಬಿಲ್ಡ್ ಆಗುವಾಗ ತಾನೇ ಹುಟ್ಟಿದ ಹೆಸರು. ನೆಚ್ಚಬೇಡಿ. ಐಡಿ (ಪುಟದಲ್ಲಿ ಒಂದಕ್ಕೇ ಇರಬೇಕಾದ ಹೆಸರು) ಒಳ್ಳೆಯದೇ, ಆದರೆ ಡೆವಲಪರ್ ಕೈಯಾರೆ ಕೊಟ್ಟದ್ದಾಗಿರಬೇಕು. "ಇನ್‌ಪುಟ್-14" ಥರದ್ದು ಎಣಿಕೆಯಿಂದ ಬಂದದ್ದು, ಫಾರ್ಮ್‌ಗೆ ಇನ್ನೊಂದು ಬಾಕ್ಸ್ ಸೇರಿಸಿದರೆ 15 ಆಗಬಹುದು.

ನಾನಾದರೆ ಡೆವಲಪರ್ ಜೊತೆ ಕಾಫಿಗೆ ಹೋಗಿ ಮುಖ್ಯ ಬಟನ್‌ಗಳಿಗೆಲ್ಲ ಡೇಟಾ-ಟೆಸ್ಟ್‌ಐಡಿ ಹಾಕಿಸಿಕೊಳ್ಳುತ್ತೇನೆ. ಟೆಸ್ಟ್‌ಗೆ ಅಂತಲೇ ಇಟ್ಟ ಹೆಸರು ಅದು. ಡಿಸೈನ್ ಬದಲಾದರೂ ಅದನ್ನು ಮುಟ್ಟೋಕೆ ಯಾರಿಗೂ ಕಾರಣ ಇರಲ್ಲ. ಸೆಲೆನಿಯಂನಲ್ಲಿ ಸಾದಾ ಸಿಎಸ್‌ಎಸ್ ಸೆಲೆಕ್ಟರ್‌ನಿಂದಲೇ (ಕೋಡ್‌ನಲ್ಲಿರುವ ಹೆಸರು, ಗುಣ ನೋಡಿ ಹುಡುಕುವ ಬರಹ) ಹಿಡಿಯಬಹುದು.

ಎಕ್ಸ್‌ಪಾತ್ ಅಭಿಮಾನಿ:
ಎಕ್ಸ್‌ಪಾತ್‌ಗೆ ಸುಮ್ನೆ ಬೈಬೇಡಿ ಗುರುಗಳೇ. ಕಾರ್ಟ್‌ನಲ್ಲಿ ಹತ್ತು ಸಾಮಾನಿದೆ, ತೊಗರಿಬೇಳೆಯ ಸಾಲಿನ "ತೆಗೆಯಿರಿ" ಮಾತ್ರ ಒತ್ತಬೇಕು. ಸಿಎಸ್‌ಎಸ್‌ಗೆ ಪಠ್ಯ ನೋಡಿ ಹುಡುಕೋಕೆ ಬರಲ್ಲ. "ತೊಗರಿಬೇಳೆ ಇರುವ ಸಾಲು, ಅದರೊಳಗಿನ ಬಟನ್" ಅಂತ ಚಿಕ್ಕ ಎಕ್ಸ್‌ಪಾತ್ ಬರೆದರೆ ಬ್ಯಾನರ್ ಅಲ್ಲ, ಮೇಲೆ ಜಾತ್ರೆಯೇ ಬಂದರೂ ಅಲುಗಲ್ಲ.

ಹೊಸ ಕ್ಯೂಎ:
ಪಠ್ಯವನ್ನೂ ಹಿಡಿದು ನೋಡಿದೆ. ಇಂಗ್ಲಿಷ್ ಪುಟದಲ್ಲಿ ಸಿಗುತ್ತೆ. ಕನ್ನಡ ಪುಟದ "ಲಾಗಿನ್ ಆಗಿ" ಬಟನ್ ಮಾತ್ರ ಸಿಗಲ್ಲ. ಹತ್ತು ಸಲ ಹೋಲಿಸಿದೆ, ಅಕ್ಷರ ಅಕ್ಷರವೂ ಅದೇ.

ಹಳೇ ಟೆಸ್ಟರ್:
ಕಣ್ಣಿಗೆ ಅದೇ! ಪುಟದಲ್ಲಿರುವ "ಲಾಗಿನ್" ಪದವನ್ನು ಕಾಪಿ ಮಾಡಿ ಬ್ರೌಸರ್‌ನ ಕನ್ಸೋಲ್‌ನಲ್ಲಿ (ಕೋಡ್ ಬರೆದು ನೋಡುವ ಜಾಗ) ಅದರ ಉದ್ದ ಕೇಳಿ. 6 ಬರಬೇಕು: ಲ, ದೀರ್ಘ, ಗ, ಗುಡಿಸು, ನ, ಹಲಂತ. 7 ಬಂದರೆ ಕೊನೆಯಲ್ಲಿ ಜೀರೋ ವಿಡ್ತ್ ನಾನ್ ಜಾಯ್ನರ್ ಅನ್ನೋ ಅಗಲವೇ ಇಲ್ಲದ ಅಕ್ಷರ ಕೂತಿದೆ. ಒತ್ತಕ್ಷರ ಆಗದಿರಲಿ ಅಂತ "ಪಾಸ್‌ವರ್ಡ್" ನಡುವೆ ಹಾಕ್ತೀವಲ್ವಾ, ಅದೇ. ಪದದ ಕೊನೆಯಲ್ಲಿದ್ದರೆ ಕಾಣೋದೇ ಇಲ್ಲ. ಇದಕ್ಕೆ ನಾನು ಒಂದು ಇಡೀ ಶನಿವಾರ ಕಳೆದುಕೊಂಡಿದ್ದೇನೆ.

ಎರಡು ಭಾಷೆಯ ಸೈಟ್‌ನಲ್ಲಿ ಪಠ್ಯ ಹಿಡಿಯೋದು ಕಡಿಮೆ ಮಾಡಿ. ಇವತ್ತು "ಬುಟ್ಟಿಗೆ ಹಾಕಿ", ನಾಳೆ "ಕಾರ್ಟ್‌ಗೆ ಸೇರಿಸಿ" ಆಗುತ್ತೆ.

ಹೊಸ ಕ್ಯೂಎ:
7 ಬಂತು ಸರ್!! ಡೆವಲಪರ್ ಸದ್ಯಕ್ಕೆ ಲಾಗಿನ್, ಕಾರ್ಟ್, ಪೇಮೆಂಟ್ ಮೂರು ಪುಟಕ್ಕೆ ಟೆಸ್ಟ್‌ಐಡಿ ಹಾಕಿಕೊಡ್ತಾರಂತೆ. ಕಾಫಿ ಬಿಲ್ ನಂದು. ತೊಗರಿಬೇಳೆ ಸಾಲಿಗೆ ಎಕ್ಸ್‌ಪಾತ್ ಹಾಗೇ ಇಟ್ಟಿದ್ದೇನೆ.