ಗೌರಿ ಬಾಗಿನಕ್ಕೆ ಪ್ಲಾಸ್ಟಿಕ್ ಸೆಟ್ ಬೇಡ, ಬಳಕೆಗೆ ಬರೋದೇ ಕೊಡಬೇಕು: ಏನು, ಎಷ್ಟು, ಹೇಗೆ?

ಮಲ್ಲಿಗೆಬಳ್ಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗೌರಿ ಹಬ್ಬಕ್ಕೆ ಐದು ಜೊತೆ ಮೊರದ ಬಾಗಿನ ಸಿದ್ಧ ಮಾಡಬೇಕು. ಒಂದು ಗೌರಿಗೆ, ನಾಲ್ಕು ಮುತ್ತೈದೆಯರಿಗೆ. ಅಂಗಡಿಯ ಬಾಗಿನ ಸೆಟ್ ಬಿಚ್ಚಿದರೆ ಬೆರಳುದ್ದದ ಪ್ಲಾಸ್ಟಿಕ್ ಬಾಚಣಿಗೆ, ಮುಖ ಕಾಣದ ಕನ್ನಡಿ, ಯಾರ ಕೈಗೂ ಏರದ ಬಳೆ, ಒಂದೊಂದು ಚಮಚ ಬೇಳೆಯ ಪೊಟ್ಟಣಗಳು. ಪಡೆದವರು ಅದನ್ನು ಹಾಗೇ ಮುಂದಿನ ಮನೆಗೆ ದಾಟಿಸ್ತಾರೆ, ಇಲ್ಲವೇ ಕಸಕ್ಕೆ ಹಾಕ್ತಾರೆ. ಶಾಸ್ತ್ರದ ಯಾವ ಪದಾರ್ಥವನ್ನೂ ಬಿಡದೆ, ಎಲ್ಲವೂ ಬಳಕೆಗೆ ಬರುವ ಹಾಗೆ ಮಾಡೋದು ಹೇಗೆ? ಬೇಳೆ ಎಷ್ಟಿಡಬೇಕು, ಯಾವುದರಲ್ಲಿ ಕಟ್ಟಬೇಕು? ಮೊರಕ್ಕೆ ಅರಿಶಿನ ಬಳಿದರೆ ಮಳೆಗಾಲದಲ್ಲಿ ಬೂಷ್ಟು ಬರುತ್ತೆ, ಅದಕ್ಕೇನು ಉಪಾಯ?

ಇನ್ನೊಂದು: ನಮ್ಮದು ಅಪಾರ್ಟ್‌ಮೆಂಟ್, ಹಿತ್ತಲಿಲ್ಲ. 9 ಇಂಚಿನ ಗಣಪತಿಯನ್ನು ಬಕೆಟ್ಟಿನಲ್ಲೇ ಬಿಡಬೇಕು ಅಂತಿದ್ದೇವೆ. ಆಮೇಲೆ ಆ ಮಣ್ಣನ್ನೂ ಹೂವನ್ನೂ ಏನು ಮಾಡೋದು?

ಹೊಲಿಗೆಮನೆ

ಅಕ್ಕಾ, ಮೊದಲು ಬೇಳೆ. ಒಂದು ಹೊತ್ತಿನ ಅಡುಗೆಗೂ ಸಾಲದಷ್ಟು ಇಟ್ಟರೆ ಅದು ಕಸವೇ. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಕಡಲೆಬೇಳೆ, ರವೆ, ಹೀಗೆ ಐದು ಪದಾರ್ಥ ತಲಾ ಕಾಲು ಕೆ.ಜಿ. ಇಡಿ. ಬಾಗಿನಕ್ಕೆ ಒಂದೂಕಾಲು ಕೆ.ಜಿ. ಆಗುತ್ತೆ, ಐದು ಬಾಗಿನಕ್ಕೆ ಪ್ರತಿಯೊಂದೂ ಒಂದೂಕಾಲು ಕೆ.ಜಿ. ತಂದರೆ ಲೆಕ್ಕ ಸರಿ. ಎಲ್ಲವನ್ನೂ ಮೊರದಲ್ಲಿ ಬಿಡಿಯಾಗಿ ಸುರಿದು ಮೇಲೆ ಅರಿಶಿನ ಕುಂಕುಮ ಹಾಕಬೇಡಿ. ಬೇಳೆ, ಅಕ್ಕಿ, ಕುಂಕುಮ ಕಲೆತರೆ ಬೇರ್ಪಡಿಸುವ ತಾಳ್ಮೆ ಯಾರಿಗೂ ಇರೋದಿಲ್ಲ. ಅಂಗಡಿ ಕುಂಕುಮದಲ್ಲಿ ಕೃತಕ ಬಣ್ಣವೂ ಇರಬಹುದಾದ್ದರಿಂದ ಅದು ತಗುಲಿದ ಅಕ್ಕಿ ಅಡುಗೆಗೆ ಬರೋದಿಲ್ಲ.

ಕಟ್ಟೋಕೆ ತೆಳು ಹತ್ತಿ ಬಟ್ಟೆಯ ಚೀಲ. 15 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಚೀಲದಲ್ಲಿ ಕಾಲು ಕೆ.ಜಿ. ಬೇಳೆ ಹಿಡಿದು ಬಾಯಿ ಕಟ್ಟೋಕೆ ಜಾಗ ಉಳಿಯುತ್ತೆ. ಒಂದು ಚೀಲಕ್ಕೆ 17 x 44 ಸೆಂ.ಮೀ. ತುಂಡು ಕತ್ತರಿಸಿ, ಉದ್ದವನ್ನು ಮಧ್ಯಕ್ಕೆ ಮಡಿಸಿ ಎರಡು ಪಕ್ಕ ಹೊಲಿಯಿರಿ, ಬಾಯಿಗೆ 2 ಸೆಂ.ಮೀ. ಮಡಿಕೆ ಬಿಡಿ. 110 ಸೆಂ.ಮೀ. ಪನ್ನದ (ಅಗಲದ) ಬಟ್ಟೆಯಲ್ಲಿ ಅಡ್ಡಕ್ಕೆ ಆರು ಬರುತ್ತೆ. ನಿಮಗೆ ಬೇಕಾದ 25 ಚೀಲಕ್ಕೆ 2.2 ಮೀಟರ್ ಸಾಕು, ಐದು ಚೀಲ ಹೆಚ್ಚುವರಿ ಸಿಗುತ್ತೆ. ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿ, ಇಲ್ಲದಿದ್ದರೆ ಗಂಜಿಯ ವಾಸನೆ ರವೆಗೆ ಹತ್ತುತ್ತೆ. ಹಳೆಯ ಹತ್ತಿ ಸೀರೆ ಇದ್ದರೆ ಇನ್ನೂ ಒಳ್ಳೇದು, ಆದರೆ ಸವೆದ ಭಾಗ ಬೇಡ, ರವೆ ಸೋರುತ್ತೆ. ಬೆಲ್ಲವನ್ನು ಮಾತ್ರ ಬಟ್ಟೆಗೆ ಹಾಕಲೇಬೇಡಿ. ಮಳೆಗಾಲದ ತೇವಕ್ಕೆ ನೀರೊಡೆದು ಅಂಟಾಗುತ್ತೆ, ಇರುವೆ ಮುತ್ತುತ್ತೆ. ಒಂದು ಅಚ್ಚು ಬೆಲ್ಲವನ್ನು ಸಣ್ಣ ಸ್ಟೀಲ್ ಡಬ್ಬಿಯಲ್ಲಿಡಿ, ಡಬ್ಬಿಯೂ ಅವರ ಅಡುಗೆಮನೆಗೆ ಆಗುತ್ತೆ.

ಬಳೆಯ ಅಳತೆ ಮೊದಲೇ ಕೇಳಿಕೊಳ್ಳಿ, ಅದರಲ್ಲಿ ಸಂಕೋಚ ಏನಿಲ್ಲ. 2.4 ಅಂದರೆ ಎರಡು ಇಂಚು ಮತ್ತು ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಒಳವ್ಯಾಸ ಸುಮಾರು 57 ಮಿ.ಮೀ. 2.6 ಸುಮಾರು 60, 2.8 ಸುಮಾರು 63.5 ಮಿ.ಮೀ. ಅಳತೆ ಒಂದು ತಪ್ಪಿದರೂ ಬಳೆ ಪೆಟ್ಟಿಗೆಯಲ್ಲೇ ಉಳಿಯುತ್ತೆ. ಗಾಜಿನ ಬಳೆಯನ್ನು ಹತ್ತಿ ದಾರದಲ್ಲಿ ಕಟ್ಟಿ. ಬಾಚಣಿಗೆ ಮರದ್ದು, ತಲೆ ಬಾಚೋಕಾಗುವ ಅಳತೆಯದು. ಪೊಟ್ಟಣದ ಅರಿಶಿನದ ಬದಲು ಅರಿಶಿನ ಕೊಂಬು. ಕುಂಕುಮಕ್ಕೆ ಚನ್ನಪಟ್ಟಣದ ಮರದ ಭರಣಿ ಚೆನ್ನ. ಅದಕ್ಕೆ ಅರಗಿನ ಮೆರುಗು ಇರೋದರಿಂದ ನೀರಲ್ಲಿ ತೊಳೆಯದೆ ಒಣಬಟ್ಟೆಯಲ್ಲಿ ಒರೆಸಬೇಕು ಅಂತ ಹೇಳಿ ಕೊಡಿ.

ಅತಿ ಹೆಚ್ಚು ವ್ಯರ್ಥವಾಗೋದು ಬ್ಲೌಸ್ ಪೀಸ್. 80 ಸೆಂ.ಮೀ.ನ ಜಾರುವ ಪಾಲಿಯೆಸ್ಟರ್ ತುಂಡನ್ನು ಯಾವ ಟೈಲರೂ ಮನಸ್ಸಿಟ್ಟು ಹೊಲಿಯೋದಿಲ್ಲ. ನಾಲ್ಕು ಅಗ್ಗದ ಪೀಸಿನ ದುಡ್ಡಿಗೆ ಒಂದು ಒಳ್ಳೆಯ ಹತ್ತಿ ಬಟ್ಟೆ ಬಂದರೆ, ಹಾಗೇ ಕೊಡಿ. ಬಾಗಿನದ ಸಂಖ್ಯೆ ಕಡಿಮೆಯಾದರೂ ಪರವಾಗಿಲ್ಲ ಅಂತ ನನ್ನ ಅಭಿಪ್ರಾಯ. ಗುಳೇದಗುಡ್ಡದ ಖಣ ಬಹಳ ಚೆಂದ, ನೇಕಾರರಿಗೂ ಕೆಲಸ. ಆದರೆ ಕೈಮಗ್ಗದ ಖಣದ ಪನ್ನ ಕಿರಿದಾಗಿರುತ್ತೆ. ಪನ್ನ ಎಷ್ಟು ಅಂತ ಕೇಳಿ, ತೋಳು ಉದ್ದ ಬೇಕಾದವರಿಗೆ ಒಂದು ಮೀಟರಿಗೆ ಕಡಿಮೆ ತರಬೇಡಿ.

ಬಿದಿರುಮೆಳೆ

ಮೊರದ ವಿಷಯ. ಅಂಗಡಿಯಲ್ಲಿ ಹಳದಿ ಪೇಂಟ್ ಬಳಿದಿಟ್ಟ ಮೊರ ಬೇಡವೇ ಬೇಡ. ಕೇರುವಾಗ ಪೇಂಟ್ ಚಕ್ಕೆ ಅಕ್ಕಿಗೆ ಬೀಳುತ್ತೆ, ಹೀಗಾಗಿ ಅದು ಅಡುಗೆಮನೆಗೆ ಹೋಗೋದಿಲ್ಲ. ಮೇದಾರರ ಹತ್ತಿರವೇ ಬಣ್ಣವಿಲ್ಲದ, ಅಂಚನ್ನು ಬಿದಿರು ಅಥವಾ ಬೆತ್ತದಲ್ಲೇ ಬಿಗಿದ ಮೊರ ಕೇಳಿ. ಪ್ಲಾಸ್ಟಿಕ್ ವೈರಿನಿಂದ ಬಿಗಿದದ್ದೂ ಬರುತ್ತೆ, ನೋಡಿ ತಗೊಳ್ಳಿ. ಮೇಲೆ ಹೇಳಿದಷ್ಟು ಸಾಮಾನು ಹಿಡಿಯೋಕೆ 12 ಇಂಚಾದರೂ ಬೇಕು. ಮೊರವನ್ನು ಬಿಳಿ ಕಾಗದದ ಮೇಲೆ ತಟ್ಟಿ. ಹಿಟ್ಟಿನಂಥ ನುಣ್ಣನೆಯ ಪುಡಿ ಉದುರಿದರೆ ಒಳಗೆ ಹುಳ ಕೊರೆಯುತ್ತಿದೆ ಅಂತ ಅರ್ಥ, ಅದು ಬೇಡ.

ಬೂಷ್ಟು ಬರೋದು ಅರಿಶಿನದಿಂದಲ್ಲ, ತೇವದಿಂದ. ಹಬ್ಬದ ಹಿಂದಿನ ರಾತ್ರಿ ಗಟ್ಟಿಯಾಗಿ ಕಲಸಿ ಬಳಿದು, ಹೆಣಿಗೆಯ ಸಂದಿ ಒಣಗುವ ಮೊದಲೇ ಸಾಮಾನು ತುಂಬಿ, ಇನ್ನೊಂದು ಮೊರ ಮುಚ್ಚಿಬಿಟ್ಟರೆ ಒಳಗೆ ಗಾಳಿಯೇ ಆಡೋದಿಲ್ಲ. ಒಂದು ವಾರ ಮೊದಲೇ ಬಳಿಯಿರಿ. ಮೊರಕ್ಕೆ ಒಂದು ಚಮಚ ಅರಿಶಿನ, ನೀರು ಕಡಿಮೆ, ಬಟ್ಟೆಯ ಉಂಡೆಯಲ್ಲಿ ತೆಳ್ಳಗೆ. ಮಲಗಿಸದೆ ಗೋಡೆಗೆ ಒರಗಿಸಿಟ್ಟರೆ ಎರಡೂ ಕಡೆ ಒಣಗುತ್ತೆ, ಬಿಸಿಲಿಲ್ಲದಿದ್ದರೆ ಫ್ಯಾನಿನ ಕೆಳಗಿಡಿ. ತೆಂಗಿನಕಾಯಿ, ಹಣ್ಣು, ವೀಳ್ಯದೆಲೆಯನ್ನು ಪೂಜೆಯ ಬೆಳಗ್ಗೆಯೇ ಇಡಿ, ಹಿಂದಿನ ದಿನ ಅಲ್ಲ.

ಪಡೆಯುವವರ ಮನೆಯಲ್ಲಿ ಈಗಾಗಲೇ ಮೊರ ರಾಶಿ ಬಿದ್ದಿದ್ದರೆ, ಗೌರಿಗೆ ಮಾತ್ರ ಮೊರ ಇಟ್ಟು ಉಳಿದವರಿಗೆ ಸ್ಟೀಲ್ ಅಥವಾ ಹಿತ್ತಾಳೆ ಹರಿವಾಣದಲ್ಲಿ ಕೊಡಬಹುದು. ಅದು ನಿಮ್ಮ ಮನೆಯ ಹಿರಿಯರ ಒಪ್ಪಿಗೆಗೆ ಬಿಟ್ಟದ್ದು.

ಕೆಮ್ಮಣ್ಣು

ಗಣಪತಿ ಬಗ್ಗೆ. ಹಸಿಮಣ್ಣಿನದ್ದೇ ಬೇಕು, ಸುಟ್ಟದ್ದಲ್ಲ. ಟೆರಾಕೋಟ ನೋಡೋಕೆ ಮಣ್ಣೇ, ಆದರೆ ಆವಿಗೆಯಲ್ಲಿ ಸುಟ್ಟ ಮೇಲೆ ಎಷ್ಟು ನೆನೆಸಿದರೂ ಕರಗೋದಿಲ್ಲ. ಪೀಠದ ಅಡಿಯನ್ನು ಉಗುರಲ್ಲಿ ಕೆರೆದು, ಉದುರಿದ ಚೂರನ್ನು ಲೋಟದ ನೀರಿಗೆ ಹಾಕಿ. ಹಸಿಮಣ್ಣಾದರೆ ಸ್ವಲ್ಪ ಹೊತ್ತಿಗೆ ಬಿಚ್ಚಿಕೊಂಡು ಕೆಸರಾಗುತ್ತೆ. ಕೆರೆದ ಜಾಗ ಬೆಳ್ಳಗಿದ್ದು, ಗಾತ್ರಕ್ಕೆ ಹೋಲಿಸಿದರೆ ವಿಗ್ರಹ ಹಗುರವಾಗಿದ್ದರೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಂತ ಅನುಮಾನಿಸಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ: ಪೂರ್ತಿ ಒಣಗಿದ ಮಣ್ಣು ಬೇಗ ಕರಗುತ್ತೆ, ಅರೆತೇವ ಇದ್ದದ್ದು ಕರಗೋದಿಲ್ಲ. ಒಣಮಣ್ಣಿನ ಸೂಕ್ಷ್ಮ ರಂಧ್ರಗಳು ನೀರನ್ನು ರಭಸವಾಗಿ ಎಳೆದುಕೊಳ್ಳುತ್ತವೆ, ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುವಾಗ ಪದರ ಪದರವಾಗಿ ಮಣ್ಣು ಕಳಚುತ್ತೆ. ತೇವದ ಮಣ್ಣಿನಲ್ಲಿ ಆ ರಂಧ್ರಗಳು ಮೊದಲೇ ತುಂಬಿರುತ್ತವೆ, ಮುದ್ದೆ ಹಾಗೇ ಕೂರುತ್ತೆ. ಆದ್ದರಿಂದ ವಿಗ್ರಹದ ಮೇಲೆ ಪಂಚಾಮೃತ ಸುರಿಯಬೇಡಿ, ಹೂವಲ್ಲಿ ಪ್ರೋಕ್ಷಣೆ ಮಾಡಿದರೆ ಸಾಕು. ಆಯಿಲ್ ಪೇಂಟ್, ವಾರ್ನಿಷ್ ಇದ್ದರೂ ನೀರು ಒಳಹೋಗೋದಿಲ್ಲ.

ವಿಸರ್ಜನೆ ಪೂಜೆ ಮುಗಿದ ಮೇಲೆ ಹಾರ, ಜನಿವಾರ, ಕಿರೀಟದ ಜರಿ, ಅಂಟಿಸಿದ ಮಣಿ ಎಲ್ಲ ತೆಗೆಯಿರಿ. 9 ಇಂಚಿನದಕ್ಕೆ 20 ಲೀಟರಿನ ಅಗಲ ಬಾಯಿಯ ಬಕೆಟ್ ಸಾಕು, ಕಿರೀಟ ಪೂರ್ತಿ ಮುಳುಗಬೇಕು. ಕಲಕಬೇಡಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಕೈಯಾಡಿಸಿ ಕಡ್ಡಿ, ನಾರು ತೆಗೆದು, ಮತ್ತೊಂದು ದಿನ ತಿಳಿಯಾಗಲು ಬಿಟ್ಟು, ಮೇಲಿನ ತಿಳಿನೀರನ್ನಷ್ಟೇ ಬಗ್ಗಿಸಿ. ಕೆಸರುನೀರನ್ನು ಬಾತ್‌ರೂಮಿನ ಮೋರಿಗೆ ಸುರಿಯಬಾರದು. ಜೇಡಿಮಣ್ಣು ಪೈಪಿನ ತಿರುವಿನಲ್ಲಿ ಕೂತು ಗಟ್ಟಿಯಾಗುತ್ತೆ, ಕೆಳಗಿನ ಮನೆಯವರಿಗೂ ತೊಂದರೆ. ಉಳಿದ ಕೆಸರನ್ನು ಗೋಣಿಯ ಮೇಲೆ ಹರಡಿ ಒಣಗಿಸಿ. ಕುಂಬಾರರು ತಗೊಂಡರೆ ಅದೇ ಅತ್ಯುತ್ತಮ. ಕುಂಡಕ್ಕಾದರೆ ಒಂದು ಪಾಲು ಜೇಡಿಗೆ ಮೂರು ಪಾಲು ಗೊಬ್ಬರ ಮತ್ತು ತೆಂಗಿನನಾರಿನ ಪುಡಿ ಬೆರೆಸಿ. ಬರೀ ಜೇಡಿ ಹಾಕಿದರೆ ನೀರು ಇಳಿಯದೆ ಬೇರು ಕೊಳೆಯುತ್ತೆ.

ಬೀಜ ಹುದುಗಿಸಿದ ಗಣಪತಿ ತಂದರೆ, ನೆನೆದ ಮಾರನೆಯ ದಿನವೇ ಬೀಜ ಬೇರ್ಪಡಿಸಿ ಸಡಿಲವಾದ ಮಣ್ಣಿನಲ್ಲಿ ಬಿತ್ತಿ. ದಿನಗಟ್ಟಲೆ ಕೆಸರಲ್ಲಿ ಮುಳುಗಿದ ಬೀಜಕ್ಕೆ ಉಸಿರಾಡೋಕೆ ಗಾಳಿ ಸಿಗೋದಿಲ್ಲ.

ಮಲ್ಲಿಗೆಬಳ್ಳಿ

ಧನ್ಯವಾದ ಎಲ್ಲರಿಗೂ. ಪಕ್ಕದ ಮನೆಯವರು ಈಗಾಗಲೇ ಪಿಒಪಿ ವಿಗ್ರಹ ತಂದುಬಿಟ್ಟಿದ್ದಾರೆ. ಅದೂ ಬಕೆಟ್ಟಿನಲ್ಲಿ ಆಗುತ್ತಾ?

ಕೆಮ್ಮಣ್ಣು

ಬರೀ ನೀರಲ್ಲಿ ಆಗೋದಿಲ್ಲ. ನೀರು ಸೇರಿ ಗಟ್ಟಿಯಾದ ಪಿಒಪಿ ಅಂದರೆ ಜಿಪ್ಸಮ್. ಒಂದು ಲೀಟರ್ ನೀರಲ್ಲಿ ಕರಗೋದು ಸುಮಾರು 2.5 ಗ್ರಾಂ ಅಷ್ಟೇ. ಎರಡು ಕೆ.ಜಿ. ವಿಗ್ರಹಕ್ಕೆ 800 ಲೀಟರ್ ಬೇಕು ಅಂತಾಯ್ತು! ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ತೋರಿಸಿಕೊಟ್ಟ ದಾರಿ ಅಮೋನಿಯಂ ಬೈಕಾರ್ಬೊನೇಟ್. ರಾಸಾಯನಿಕ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ವಿಗ್ರಹದ ತೂಕದಷ್ಟೇ ಬೇಕು. ಬಣ್ಣ ಕೆರೆದು, ಮುಳುಗುವಷ್ಟು ನೀರಲ್ಲಿಟ್ಟು, ದಿನಕ್ಕೆ ಎರಡು ಮೂರು ಸಲ ಕಲಕಬೇಕು. ತಳದಲ್ಲಿ ಸುಣ್ಣದ ಪುಡಿ (ಕ್ಯಾಲ್ಸಿಯಂ ಕಾರ್ಬೊನೇಟ್) ಕೂರುತ್ತೆ, ಮೇಲಿನ ನೀರಲ್ಲಿ ಅಮೋನಿಯಂ ಸಲ್ಫೇಟ್ ಇರುತ್ತೆ. ಅಮೋನಿಯಾ ಘಾಟು ಜೋರು, ತೆರೆದ ಜಾಗದಲ್ಲೇ ಮಾಡಿ, ಮಕ್ಕಳನ್ನು ದೂರವಿಡಿ.

ಹಿತ್ತಲಗೊಬ್ಬರ

ಮಂಟಪಕ್ಕೆ ಥರ್ಮಾಕೋಲ್ ತರಬೇಡಿ. ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧದ ಪಟ್ಟಿಯಲ್ಲಿದೆ.

ಹೂವಿಗೆ ಕೈತೋಟ ಬೇಕಿಲ್ಲ, ತೂತಿರುವ 20 ಲೀಟರ್ ಡಬ್ಬ ಬಾಲ್ಕನಿಯಲ್ಲಿದ್ದರೆ ಸಾಕು. ಹಾರದ ದಾರ, ಜರಿ ತೆಗೆದು ಸೇವಂತಿಗೆಯನ್ನು ಎಸಳು ಬಿಡಿಸಿ ಹಾಕಿ. ಇಡೀ ಹೂವು ಹಾಕಿದರೆ ಒಳಗೆ ನೀರು ಹಿಡಿದು ನಾರುತ್ತೆ. ಒಂದು ಪಾತ್ರೆ ಹೂವಿಗೆ ಎರಡು ಪಾತ್ರೆ ಒಣ ಎಲೆ ಅಥವಾ ತೆಂಗಿನನಾರಿನ ಪುಡಿ, ಮೇಲೊಂದು ಹಿಡಿ ಹಳೇ ಗೊಬ್ಬರ. ಮೂರು ದಿನಕ್ಕೊಮ್ಮೆ ತಿರುವಿ. ವಾಸನೆ ಬಂದರೆ ಒದ್ದೆ ಹೆಚ್ಚಾಗಿದೆ ಅಂತ, ಒಣ ಎಲೆ ಸೇರಿಸಿ. ಗರಿಕೆಯನ್ನು ಪೂರ್ತಿ ಒಣಗಿಸಿಯೇ ಹಾಕಿ, ಹಸಿ ಗೆಣ್ಣಿದ್ದರೆ ಕತ್ತರಿಸಿದರೂ ಡಬ್ಬದಲ್ಲೇ ಚಿಗುರುತ್ತೆ. ಬಾಳೆಕಂದನ್ನು ಒಂದಿಂಚಿನ ಬಿಲ್ಲೆ ಮಾಡಿ; ಅದರಲ್ಲಿ ನೀರೇ ಹೆಚ್ಚು, ಒಣ ಎಲೆಯನ್ನು ಮೂರು ಪಾಲಿಗೆ ಏರಿಸಿ. ತೋರಣದ ಮಾವಿನೆಲೆಗೆ ಮೇಣದ ಪದರ ಇರೋದರಿಂದ ಹಸಿಯಾಗಿದ್ದಾಗ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಇರುತ್ತೆ. ಬಾಗಿಲಲ್ಲೇ ಗರಿಗರಿ ಒಣಗಲಿ, ಆಮೇಲೆ ಕೈಯಲ್ಲೇ ಪುಡಿ ಮಾಡಿ, ಒಣ ಎಲೆಯ ಲೆಕ್ಕಕ್ಕೆ ಅದೇ ಆಗುತ್ತೆ.