ಸೈಕಲ್‌ನವರು ಅಂಚಿಗೇ ಸರಿಯಬೇಕಾ? ರಸ್ತೆ ಸುರಕ್ಷತೆ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ರಸ್ತೆ ಸುರಕ್ಷತೆ ಎಂಜಿನಿಯರ್. ಅಪಘಾತ ಆದ ಜಾಗಕ್ಕೆ ಹೋಗಿ ಟೇಪ್ ಹಿಡಿದು ಅಳೆಯುವುದು, ಯಾಕೆ ಆಯಿತು ಅಂತ ಬರೆಯುವುದು, ಆ ರಸ್ತೆಯಲ್ಲಿ ಏನು ಬದಲಾಗಬೇಕು ಅಂತ ಹೇಳುವುದು ನನ್ನ ಕೆಲಸ. ಕೆಲಸಕ್ಕೆ ಸೈಕಲ್‌ನಲ್ಲೇ ಹೋಗುತ್ತೇನೆ, ಕಾರೂ ಓಡಿಸುತ್ತೇನೆ. ಎಡಬದಿಯಲ್ಲಿ ಓಡಿಸುವ ರಸ್ತೆ ಅಂತ ಇಟ್ಟುಕೊಂಡು ಉತ್ತರ ಬರೆಯುತ್ತೇನೆ, ಬಲಬದಿಯ ದೇಶದಲ್ಲಿರುವವರು ತಿರುಗಿಸಿ ಓದಿಕೊಳ್ಳಿ. ಏನು ಬೇಕಾದರೂ ಕೇಳಿ.

ಪ್ರಶ್ನೆ: ಮೇಡಂ, ದಿನಾ ಹೋಗಿ ಬಂದು 14 ಕಿಲೋಮೀಟರ್ ಸೈಕಲ್ ತುಳಿಯುತ್ತೇನೆ. ಆದಷ್ಟೂ ಅಂಚಿನಲ್ಲೇ, ಬಿಳಿ ಗೆರೆಯ ಮೇಲೇ ಹೋಗುತ್ತೇನೆ. ಆದರೂ ಗಾಡಿಗಳು ಮೊಣಕೈ ಸವರಿಕೊಂಡೇ ಹೋಗುತ್ತವೆ. ಇನ್ನೆಷ್ಟು ಸರಿಯಬೇಕು ಹೇಳಿ.

ಉತ್ತರ: ಇನ್ನು ಸರಿಯಬೇಡಿ ಸರ್. ಒಳಗೆ ಬನ್ನಿ. ಅಂಚಿನಿಂದ ಕಮ್ಮಿ ಅಂದರೂ ಮುಕ್ಕಾಲು ಮೀಟರ್, ಆದರೆ ಒಂದು ಮೀಟರ್ ಬಿಟ್ಟು ತುಳಿಯಿರಿ. ಕೇಳಿದರೆ ಭಯ ಆಗುತ್ತದೆ, ಗೊತ್ತು. ಆದರೆ ನಿಮ್ಮನ್ನು ಸವರಿಕೊಂಡು ಹೋಗುವ ಚಾಲಕರಲ್ಲಿ ಹೆಚ್ಚಿನವರು ನಿಮ್ಮ ಮೇಲೆ ಸಿಟ್ಟಿನಿಂದ ಹಾಗೆ ಮಾಡುವುದಿಲ್ಲ. ನೀವು ಗೆರೆಯ ಮೇಲಿದ್ದರೆ ಅವರ ಕಣ್ಣಿಗೆ ಲೇನ್ ಖಾಲಿ ಇದ್ದ ಹಾಗೇ ಕಾಣುತ್ತದೆ. ಸ್ಟೀರಿಂಗ್ ಒಂಚೂರೂ ತಿರುಗಿಸದೆ ದಾಟಬಹುದು ಅಂತ ಅನ್ನಿಸುತ್ತದೆ, ದಾಟುತ್ತಾರೆ. ನೀವು ಒಂದು ಮೀಟರ್ ಒಳಗಿದ್ದರೆ ಅವರು ಏನಾದರೂ ಒಂದು ತೀರ್ಮಾನ ಮಾಡಲೇಬೇಕು, ಪಕ್ಕದ ಲೇನ್‌ಗೆ ಹೋಗಬೇಕು ಇಲ್ಲ ಹಿಂದೆ ಕಾಯಬೇಕು.

ಇನ್ನೊಂದು ಕಾರಣವೂ ಇದೆ, ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಸೈಕಲ್ ಬಲಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ವಾಲಬೇಕು, ಬಲಕ್ಕೆ ವಾಲಬೇಕಾದರೆ ಮುಂದಿನ ಚಕ್ರ ಅರೆಕ್ಷಣ ಎಡಕ್ಕೆ ಹೋಗಲೇಬೇಕು. ಖಾಲಿ ಮೈದಾನದಲ್ಲಿ ಒದ್ದೆ ಚಕ್ರದಲ್ಲಿ ತಿರುಗಿ ನೋಡಿ, ನೆಲದ ಮೇಲಿನ ಗುರುತಿನಲ್ಲಿ ಆ ಚಿಕ್ಕ ಎಡ ಕೊಂಕು ಕಾಣುತ್ತದೆ. ಈಗ ಯೋಚನೆ ಮಾಡಿ. ನೀವು ಡಾಂಬರಿನ ತುದಿಯಲ್ಲಿದ್ದೀರಿ, ಎಡಕ್ಕೆ ನಾಲ್ಕು ಬೆರಳು ಆಚೆ ಮಣ್ಣಿಗೆ ಇಳಿಜಾರು. ಮುಂದೆ ಗುಂಡಿ ಬಂತು, ಬಲಕ್ಕೆ ತಪ್ಪಿಸಬೇಕು. ಬಲಕ್ಕೆ ಹೋಗಲು ಮೊದಲು ಎಡಕ್ಕೆ ಬೇಕಾದಷ್ಟು ಜಾಗವೇ ನಿಮ್ಮ ಹತ್ತಿರ ಇಲ್ಲ! ಚಕ್ರ ತುದಿಯಿಂದ ಜಾರುತ್ತದೆ, ಮೈ ರಸ್ತೆಯ ಕಡೆಗೆ ಬೀಳುತ್ತದೆ. ಅಂಚಿನಲ್ಲಿ ಹೋಗುವವರು ತಾವಾಗಿಯೇ ಬಿದ್ದರು ಅಂತ ವರದಿಯಲ್ಲಿ ಬರೆಯುತ್ತಾರಲ್ಲ, ಅದರಲ್ಲಿ ಎಷ್ಟೋ ಸಲ ನಡೆದದ್ದು ಇದು.

ಅದೇ ಸದಸ್ಯರು: ಒಳಗೆ ಬಂದರೆ ಹಿಂದಿನಿಂದ ಹಾರ್ನ್ ಹೊಡೆಯುತ್ತಾರೆ, ಬೈಯುತ್ತಾರೆ.

ಉತ್ತರ: ಹೊಡೆಯುತ್ತಾರೆ. ಹಾರ್ನ್ ಹೊಡೆದವರು ನಿಮ್ಮನ್ನು ನೋಡಿದ್ದಾರೆ, ನನಗೆ ಅಷ್ಟು ಸಾಕು. ನಾನು ಭಯಪಡುವುದು ನೋಡದೇ ಬರುವವರಿಗೆ. ಹಿಂದೆ ನಾಲ್ಕೈದು ಗಾಡಿ ಸೇರಿಕೊಂಡಿದ್ದು, ಮುಂದೆ ಅಗಲದ ಜಾಗ ಸಿಕ್ಕರೆ ಪಕ್ಕಕ್ಕೆ ಬಂದು ಕೈ ಬೀಸಿ ದಾರಿ ಬಿಡಿ, ಅದು ಒಳ್ಳೆಯ ರೂಢಿ. ಆದರೆ ಎಲ್ಲಿ ಬಿಡಬೇಕು ಅನ್ನುವುದನ್ನು ನೀವು ತೀರ್ಮಾನಿಸಿ, ಹಾರ್ನ್ ಅಲ್ಲ. ಕಿರಿದಾದ ಸೇತುವೆ, ತಿರುವು, ಕ್ರಾಸ್ ಹತ್ತಿರ ಬರುವಾಗ ಲೇನ್ ಮಧ್ಯದಲ್ಲೇ ಇರಿ.

ಪ್ರಶ್ನೆ: ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ನಾನು ಕಾರಿನವನು. ಲೇನ್ ಮಧ್ಯದಲ್ಲಿ ಹೋಗಿ ಅಂತ ನೀವೇ ಹೇಳಿಕೊಟ್ಟರೆ ಹೇಗೆ? ಗಾಡಿಗೆ ತೆರಿಗೆ ಕಟ್ಟುವವರು ನಾವು. ಅವರು ಒಂದು ಪೈಸೆ ಕಟ್ಟಲ್ಲ, ಸಿಗ್ನಲ್ ಕೂಡ ನೋಡಲ್ಲ.

ಉತ್ತರ: ನೇರವಾಗಿ ಕೇಳಿದ್ದು ಒಳ್ಳೆಯದಾಯಿತು, ಮನಸ್ಸಿನಲ್ಲಿ ಇಟ್ಟುಕೊಂಡು ರಸ್ತೆಯಲ್ಲಿ ತೋರಿಸುವುದಕ್ಕಿಂತ ಇಲ್ಲಿ ಕೇಳಿದ್ದೇ ವಾಸಿ.

ಮೊದಲು ಹಕ್ಕಿನ ಮಾತು. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲಿ ಸೈಕಲ್ಲೂ ವಾಹನವೇ, ಅದನ್ನು ತುಳಿಯುವವರೂ ಚಾಲಕರೇ. ಸೈಕಲ್‌ಗೆ ಪ್ರವೇಶವಿಲ್ಲ ಅಂತ ಬೋರ್ಡ್ ಹಾಕಿದ ಹೆದ್ದಾರಿಗಳನ್ನು ಬಿಟ್ಟರೆ ರಸ್ತೆ ಇಬ್ಬರದ್ದೂ. ತೆರಿಗೆ ಕಟ್ಟಿ ಕೊಂಡುಕೊಳ್ಳುವ ಹಕ್ಕಲ್ಲ ಇದು, ನಡೆದು ಹೋಗುವವರೂ ಕಟ್ಟುವುದಿಲ್ಲ ಅಲ್ವಾ? ರಸ್ತೆಯ ದುಡ್ಡು ಬರುವುದು ಬರೀ ಗಾಡಿ ತೆರಿಗೆಯಿಂದಲೂ ಅಲ್ಲ, ಎಲ್ಲರೂ ಕಟ್ಟುವ ತೆರಿಗೆಯೂ ಅದರಲ್ಲಿ ಸೇರಿರುತ್ತದೆ. ಇನ್ನು ಸವೆತದ ಲೆಕ್ಕಕ್ಕೆ ಬಂದರೆ, ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆ ಸವೆಯುವುದು ಸುಮಾರು 16 ಪಟ್ಟು. ಆ ಲೆಕ್ಕದಲ್ಲಿ ಸೈಕಲ್‌ನಿಂದ ರಸ್ತೆಗೆ ಆಗುವ ಹಾನಿ ಏನೇನೂ ಇಲ್ಲ.

ಸಿಗ್ನಲ್ ಮಾತು ಒಪ್ಪುತ್ತೇನೆ. ಕೆಂಪು ದೀಪಕ್ಕೆ ನಿಲ್ಲಬೇಕು, ಎದುರು ದಿಕ್ಕಿನಲ್ಲಿ ಬರಬಾರದು. ಇದನ್ನು ಸೈಕಲ್‌ನವರಿಗೇ ಹೇಳುತ್ತಿದ್ದೇನೆ. ಎದುರು ಬರುವ ಗಾಡಿ ಕಾಣುತ್ತದೆ, ಹಾಗಾಗಿ ರಾಂಗ್ ಸೈಡೇ ಸೇಫ್ ಅಂತ ಕೆಲವರು ನಂಬಿದ್ದಾರೆ. ನೀವು 20ರಲ್ಲಿ, ಕಾರು 40ರಲ್ಲಿ ಒಂದೇ ದಿಕ್ಕಿಗೆ ಹೋದರೆ ಹತ್ತಿರ ಬರುವ ವೇಗ 20. ಎದುರು ಬದುರಾದರೆ 60. ಅಡ್ಡರಸ್ತೆಯಿಂದ ಎಡಕ್ಕೆ ತಿರುಗುವ ಚಾಲಕ ನೋಡುವುದು ಬಲಗಡೆಗೆ ಮಾತ್ರ, ನೀವು ಎಡಗಡೆಯಿಂದ ಬಂದಿರುತ್ತೀರಿ.

ಆದರೆ ಸರ್, ಇಬ್ಬರ ತಪ್ಪಿನ ತೂಕವೂ ಒಂದೇ ಅಲ್ಲ. ಒಂದು ಜಾಗ ಹೇಳುತ್ತೇನೆ. ನೇರ ರಸ್ತೆ, ಹಗಲು ಹೊತ್ತು, ಮಳೆ ಇಲ್ಲ. ಸೈಕಲ್ ಹಿಂದಿನ ಚಕ್ರ ಎಂಟಿನಾಕಾರಕ್ಕೆ ತಿರುಚಿಕೊಂಡಿತ್ತು, ಬೆಲ್ ಮಾತ್ರ ಕಳಚಿ ಚರಂಡಿ ಪಕ್ಕ ಬಿದ್ದಿತ್ತು. ಮಂಡಿಯೂರಿ ಟೈರ್ ಗುರುತು ಅಳೆದೆ. ಬ್ರೇಕ್ ಗುರುತು ಶುರುವಾಗಿದ್ದು ಡಿಕ್ಕಿ ಆದ ಜಾಗಕ್ಕಿಂತ ಮುಂದೆ, ಹಿಂದೆ ಅಲ್ಲ. ಅಂದರೆ ಹೊಡೆದ ಮೇಲೆ ಬ್ರೇಕ್ ಒತ್ತಿದ್ದಾರೆ. ಆ ಟೇಪ್ ಸುತ್ತಿಕೊಳ್ಳಲು ನನಗೆ ಬಹಳ ಹೊತ್ತು ಆಯಿತು.

ಇದರ ಲೆಕ್ಕ ನೀವೇ ಮಾಡಬಹುದು. ಅಪಾಯ ಕಂಡು ಕಾಲು ಬ್ರೇಕ್‌ಗೆ ಹೋಗಲು ಒಂದು ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. 30 ಕಿಲೋಮೀಟರ್ ವೇಗದಲ್ಲಿ ಆ ಒಂದು ಸೆಕೆಂಡಿಗೆ ಕಾರು 8 ಮೀಟರ್ ಹೋಗಿರುತ್ತದೆ, ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಇನ್ನೊಂದು 5 ಮೀಟರ್, ಒಟ್ಟು 13ಕ್ಕೆ ನಿಲ್ಲುತ್ತದೆ. 50ರಲ್ಲಿ ಬರುವ ಕಾರು ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ದಾಟಿರುತ್ತದೆ. 30ರ ಕಾರು ಪೂರ್ತಿ ನಿಂತ ಜಾಗದಲ್ಲಿ 50ರ ಕಾರಿನ ಬ್ರೇಕ್ ಇನ್ನೂ ಶುರುವೇ ಆಗಿರುವುದಿಲ್ಲ. ನೀವು ಕಾಯುವುದು ಅರ್ಧ ನಿಮಿಷ, ಮುಂದಿನ ಸಿಗ್ನಲ್‌ನಲ್ಲಿ ಅದೇ ಸೈಕಲ್ ಬಂದು ನಿಮ್ಮ ಪಕ್ಕದಲ್ಲೇ ನಿಲ್ಲುತ್ತದೆ.

ಕಾರಿನವರು: ಸರಿ ಮೇಡಂ, ಈ ಲೆಕ್ಕ ನಾನು ಮಾಡಿರಲಿಲ್ಲ. ದಾಟುವಾಗ ಎಷ್ಟು ಜಾಗ ಬಿಡಬೇಕು, ಅದನ್ನೂ ಹೇಳಿಬಿಡಿ.

ಉತ್ತರ: ಒಂದೂವರೆ ಮೀಟರ್. ನಿಮ್ಮ ಕಾರಿನ ಕನ್ನಡಿಯ ತುದಿಯಿಂದ ಅವರ ಹ್ಯಾಂಡಲ್ ತುದಿಗೆ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ, ಊರಾಚೆ ಎರಡು ಮೀಟರ್ ಅಂತ ನಿಯಮವಿದೆ. ಬ್ರಿಟನ್ನಿನ ಹೈವೇ ಕೋಡ್, ಅಂದರೆ ಅಲ್ಲಿನ ರಸ್ತೆ ನಿಯಮಗಳ ಪುಸ್ತಕಕ್ಕೆ 2022ರ ಜನವರಿಯಲ್ಲಿ ತಂದ ಬದಲಾವಣೆಯಲ್ಲೂ ಗಂಟೆಗೆ 30 ಮೈಲಿವರೆಗೆ ಕಮ್ಮಿ ಅಂದರೂ ಒಂದೂವರೆ ಮೀಟರ್, ವೇಗ ಜಾಸ್ತಿ ಇದ್ದರೆ ಇನ್ನೂ ಜಾಸ್ತಿ ಬಿಡಿ ಅಂತ ಇದೆ. ಸಣ್ಣ ರಸ್ತೆ, ನಿಧಾನದ ಟ್ರಾಫಿಕ್, ಕ್ರಾಸ್‌ಗಳಲ್ಲಿ ಸೈಕಲ್‌ನವರು ಲೇನ್ ಮಧ್ಯದಲ್ಲಿರಬಹುದು ಅಂತಲೂ ಅದೇ ಕೋಡ್ ಹೇಳುತ್ತದೆ, ನಾನು ಮೇಲೆ ಹೇಳಿದ್ದು ನನ್ನ ಸ್ವಂತ ಸಲಹೆಯಷ್ಟೇ ಅಲ್ಲ.

ಒಂದೂವರೆ ಯಾಕೆ ಅಂದರೆ, ಸೀಟಿನ ಮೇಲೆ ಕೂತವರ ತಲೆ ನೆಲದಿಂದ ಒಂದೂವರೆ ಮೀಟರಿಗೂ ಜಾಸ್ತಿ ಎತ್ತರದಲ್ಲಿರುತ್ತದೆ. ಮರ ಉರುಳಿದ ಹಾಗೆ ಬಲಕ್ಕೆ ಬಿದ್ದರೆ ತಲೆ ಅಷ್ಟೇ ದೂರಕ್ಕೆ ಬೀಳುತ್ತದೆ. ಬೀಳಲು ದೊಡ್ಡ ಕಾರಣವೇ ಬೇಡ, ಒಂದು ಕಲ್ಲು, ಒಂದು ಗಾಳಿ ಸಾಕು. ಓಡಿಸುವಾಗ ಮೀಟರ್ ಲೆಕ್ಕ ಕಣ್ಣಿಗೆ ಸಿಗುವುದಿಲ್ಲ, ಆದ್ದರಿಂದ ಸುಲಭದ ಗುರುತು ಇಟ್ಟುಕೊಳ್ಳಿ. ಸೈಕಲ್ ದಾಟುವಾಗ ಇನ್ನೊಂದು ಕಾರನ್ನು ದಾಟುವಾಗ ಹೋದಷ್ಟೇ ಪೂರ್ತಿ ಪಕ್ಕದ ಲೇನ್‌ಗೆ ಹೋಗಿ. ಹೋಗಲು ಜಾಗವಿಲ್ಲವೇ, ದಾಟುವ ಸಮಯ ಇನ್ನೂ ಬಂದಿಲ್ಲ.

ಪ್ರಶ್ನೆ: ನಿಂತಿದ್ದ ಕಾರಿನ ಡೋರ್ ದಿಢೀರ್ ಅಂತ ತೆರೆದು ನನ್ನ ಮಣಿಕಟ್ಟು ಮುರಿಯಿತು. ಇಳಿದವರು 'ನೋಡಿಕೊಂಡು ಬರಬೇಕಿತ್ತು' ಅಂದರು. ತಪ್ಪು ನಂದೇನಾ ಮೇಡಂ? ಈಗ ಸೈಕಲ್ ಹತ್ತಲೇ ಭಯ.

ಉತ್ತರ: ನಿಮ್ಮದಲ್ಲ ಅಮ್ಮಾ. ಬೇರೆಯವರಿಗೆ ಅಪಾಯವಿಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಡೋರ್ ತೆರೆಯಬಾರದು ಅಂತ ಆ 1968ರ ಒಪ್ಪಂದದಲ್ಲೇ ಪ್ರತ್ಯೇಕ ವಿಧಿ ಇದೆ. ಮುಚ್ಚಿದ ಡೋರ್ ಯಾವಾಗ ತೆರೆಯುತ್ತದೆ ಅಂತ ಹೊರಗಿನಿಂದ ಯಾರಿಗೆ ಕಾಣುತ್ತದೆ? ಅವರು ಆ ಮಾತು ಹೇಳಬಾರದಿತ್ತು. ಮೊದಲು ಕೈ ಸರಿಯಾಗಿ ವಾಸಿಯಾಗಲಿ, ಅವಸರ ಬೇಡ.

ಮತ್ತೆ ಹತ್ತುವಾಗ ನಿಂತ ಕಾರುಗಳ ಸಾಲಿನಿಂದ ಒಂದೂಕಾಲು ಮೀಟರ್ ದೂರ ಇಟ್ಟುಕೊಳ್ಳಿ, ಕಾರಿನ ಡೋರ್ ಪೂರ್ತಿ ತೆರೆದರೆ ಸುಮಾರು ಒಂದು ಮೀಟರ್ ಹೊರಗೆ ಬರುತ್ತದೆ. ಎರಡು ಕಾರುಗಳ ನಡುವಿನ ಖಾಲಿ ಜಾಗಕ್ಕೆ ನುಗ್ಗಿ ಮತ್ತೆ ಹೊರಗೆ ಬರಬೇಡಿ, ಒಂದೇ ನೇರಕ್ಕೆ ಹೋಗಿ. ಕಾರಿನಲ್ಲಿ ಕೂರುವವರೆಲ್ಲ ಒಂದು ಅಭ್ಯಾಸ ಮಾಡಿಕೊಳ್ಳಿ. ಡೋರ್ ಪಕ್ಕದ ಕೈಯಿಂದ ತೆರೆಯಬೇಡಿ, ಆಚೆ ಕೈಯಿಂದ ತೆರೆಯಿರಿ. ಬಲಗಡೆ ಡೋರ್‌ಗೆ ಎಡಗೈ. ಕೈ ಅಡ್ಡ ಹೋದಾಗ ಭುಜ ತಿರುಗುತ್ತದೆ, ಭುಜ ತಿರುಗಿದರೆ ಕಣ್ಣು ತಾನಾಗಿ ಹಿಂದಕ್ಕೆ ಹೋಗುತ್ತದೆ. ಇದಕ್ಕೆ ಡಚ್ ರೀಚ್ ಅಂತ ಹೆಸರು.

ಪ್ರಶ್ನೆ: ಸಿಗ್ನಲ್‌ನಲ್ಲಿ ಲಾರಿ, ಬಸ್ಸಿನ ಎಡಗಡೆ ಸಂದಿಯಲ್ಲಿ ಮುಂದೆ ಹೋಗಬಹುದಾ? ಸಮಯ ಉಳಿಯುತ್ತದೆ.

ಉತ್ತರ: ಬೇಡ. ದಯವಿಟ್ಟು ಬೇಡ. ದೊಡ್ಡ ಗಾಡಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಮೊದಲು ಅಗಲವಾಗಿ ಕಂಡ ಸಂದಿ ಎರಡು ಸೆಕೆಂಡಿನಲ್ಲಿ ಇರುವುದೇ ಇಲ್ಲ. ಚಾಲಕರ ಮುಖ ಅವರ ಕನ್ನಡಿಯಲ್ಲಿ ನಿಮಗೆ ಕಾಣದಿದ್ದರೆ ಆ ಕನ್ನಡಿಯಲ್ಲಿ ನೀವೂ ಅವರಿಗೆ ಕಾಣುತ್ತಿಲ್ಲ. ಹಿಂದೆಯೇ ನಿಲ್ಲಿ.

ಪ್ರಶ್ನೆ: ರಾತ್ರಿ ಪಾಳಿ ಮುಗಿಸಿ ಬರುತ್ತೇನೆ. ಹೊಳೆಯುವ ಹಳದಿ ಜಾಕೆಟ್ ತಗೊಂಡಿದ್ದೇನೆ, ಸಾಕಾ? ಹೆಲ್ಮೆಟ್ ಬೇಕೇ ಬೇಕಾ?

ಉತ್ತರ: ಆ ಹಳದಿ ಬಣ್ಣ ಹೊಳೆಯುವುದು ಹಗಲಿನ ಬೆಳಕಿನಲ್ಲಿರುವ ನೇರಳಾತೀತ ಕಿರಣದಿಂದ. ಬೆಳಕು ಹರಿಯುವಾಗ, ಸಂಜೆ, ಮೋಡ ಇದ್ದಾಗ ಬಹಳ ಒಳ್ಳೆಯದು. ಕತ್ತಲಾದ ಮೇಲೆ ಆ ಹೊಳಪು ಇರುವುದಿಲ್ಲ. ರಾತ್ರಿಗೆ ಬೇಕಾದದ್ದು ಹೆಡ್‌ಲೈಟ್ ಬೆಳಕನ್ನು ಬಂದ ಕಡೆಗೇ ವಾಪಸ್ ಕಳಿಸುವ ರಿಫ್ಲೆಕ್ಟರ್ ಪಟ್ಟಿ. ಅದನ್ನು ಕಣಕಾಲಿಗೆ ಕಟ್ಟಿ. ಡಿಮ್ ಮಾಡಿದ ಹೆಡ್‌ಲೈಟ್ ಕೆಳಗೇ ಬೀಳುತ್ತದೆ, ಕಾಲು ಮೇಲೆ ಕೆಳಗೆ ಆಡುವುದನ್ನು ನೋಡಿದ ಕೂಡಲೇ 'ಸೈಕಲ್' ಅಂತ ಚಾಲಕರಿಗೆ ಹೊಳೆಯುತ್ತದೆ. ಹಿಂದೆ ಕೆಂಪು ಲೈಟ್, ಮುಂದೆ ಬಿಳಿ ಲೈಟ್ ಇಲ್ಲದೆ ಹೊರಡಲೇಬೇಡಿ.

ಹೆಲ್ಮೆಟ್ ಹಾಕಿ. ಅದನ್ನು ಪರೀಕ್ಷೆ ಮಾಡುವುದು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದ ಪೆಟ್ಟಿಗೆ. ಜಾರಿ ಬಿದ್ದಾಗ ತಲೆ ಉಳಿಸುತ್ತದೆ, 60ರಲ್ಲಿ ಬಂದ ಕಾರನ್ನು ನಿಲ್ಲಿಸುವುದಿಲ್ಲ. 'ಹೆಲ್ಮೆಟ್ ಹಾಕಿರಲಿಲ್ಲ' ಅಂತ ಒಂದು ಸಾಲು ಬರೆದು ಕಡತ ಮುಚ್ಚುವುದನ್ನು ನೋಡಿದ್ದೇನೆ, ಗಾಡಿಯ ವೇಗ ಎಷ್ಟಿತ್ತು ಅಂತ ಅದರಲ್ಲಿ ಬರೆದೇ ಇರಲಿಲ್ಲ. ಅದು ನನಗೆ ಈಗಲೂ ಸಂಕಟದ ವಿಷಯ.

ಪ್ರಶ್ನೆ: ಇಷ್ಟೆಲ್ಲ ಸೈಕಲ್‌ನವರೇ ಹುಷಾರಾಗಿರಬೇಕಾದರೆ ಯಾರು ತುಳಿಯುತ್ತಾರೆ? ರಸ್ತೆ ಬದಲಾಗಲ್ವಾ?

ಉತ್ತರ: ಬದಲಾಗುತ್ತದೆ, ಬದಲಾಗಿರುವುದು ಕಣ್ಣ ಮುಂದಿದೆ. ನೆದರ್ಲೆಂಡ್ಸ್ ಮೊದಲಿನಿಂದಲೂ ಈಗಿನ ಹಾಗೆ ಇರಲಿಲ್ಲ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗೆ ಬಂದರು, 'ಮಕ್ಕಳ ಕೊಲೆ ನಿಲ್ಲಿಸಿ' ಅನ್ನುವುದೇ ಆ ಚಳವಳಿಯ ಹೆಸರಾಗಿತ್ತು. ಈಗ ಅಲ್ಲಿ ಕಾಣುವ ಸೈಕಲ್ ದಾರಿಗಳ ಹಿಂದೆ ಆ ಹೋರಾಟವಿದೆ.

ಗೆರೆ ಎಳೆದು ಸೈಕಲ್ ಚಿತ್ರ ಬಿಡಿಸಿದರೆ ಮುಗಿಯಿತು ಅಂತ ಅಂದುಕೊಳ್ಳಬಾರದು. ನಿಂತ ಕಾರುಗಳ ಪಕ್ಕ ಒಂದು ಮೀಟರ್ ಅಗಲಕ್ಕೆ ಬಣ್ಣ ಬಳಿದರೆ ಸೈಕಲ್‌ನವರನ್ನು ನೇರ ಡೋರ್‌ಗೇ ಕಳಿಸಿದ ಹಾಗೆ. ವೇಗ 30ರ ಒಳಗಿರುವ ಬೀದಿಯಲ್ಲಿ ಎಲ್ಲರೂ ಸೇರಿ ಹೋಗಬಹುದು. ಅದಕ್ಕಿಂತ ಜಾಸ್ತಿ ಇರುವ ದೊಡ್ಡ ರಸ್ತೆಯಲ್ಲಿ ಸೈಕಲ್‌ಗೆ ಕಟ್ಟೆ ಕಟ್ಟಿದ ಬೇರೆ ದಾರಿಯೇ ಬೇಕು. ಇನ್ನೊಂದು, ತುಳಿಯುವವರು ಜಾಸ್ತಿಯಾದಷ್ಟೂ ಒಬ್ಬೊಬ್ಬರಿಗೂ ಅಪಾಯ ಕಮ್ಮಿ. ಪೀಟರ್ ಜೇಕಬ್ಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೈಕಲ್ ಓಡಾಟ ಎರಡು ಪಟ್ಟಾದಾಗ ಗಾಯಾಳುಗಳ ಸಂಖ್ಯೆ ಎರಡು ಪಟ್ಟಾಗುವುದಿಲ್ಲ, ಸುಮಾರು ಮೂರನೇ ಒಂದು ಪಾಲು ಮಾತ್ರ ಹೆಚ್ಚುತ್ತದೆ ಅಂತ ಕಂಡಿತ್ತು. ಸೈಕಲ್ ನೋಡಿ ನೋಡಿ ಚಾಲಕರ ಕಣ್ಣಿಗೆ ಅಭ್ಯಾಸವಾಗುತ್ತದೆ.

ಪ್ರಶ್ನೆ: ಅಕ್ಕಾ, ಮಗಳಿಗೆ ಹತ್ತು ವರ್ಷ. ಶಾಲೆಗೆ ಸೈಕಲ್‌ನಲ್ಲಿ ಹೋಗುತ್ತೇನೆ ಅಂತ ಹಟ. ಕಳಿಸಲಾ?

ಉತ್ತರ: ಒಬ್ಬಳನ್ನೇ ಬೇಡ ತಂಗಿ, ಜೊತೆಗೆ ನೀವೂ ತುಳಿಯಿರಿ. ಎದುರು ಬರುವ ಗಾಡಿಯ ವೇಗ ಅಳೆಯುವ ಶಕ್ತಿ ಆ ವಯಸ್ಸಿಗೆ ಪೂರ್ತಿ ಬೆಳೆದಿರುವುದಿಲ್ಲ, ಎಷ್ಟೇ ಚುರುಕಿನ ಮಗುವಾದರೂ ಅಷ್ಟೇ. ಅವಳು ಮುಂದೆ ಎಡಕ್ಕಿರಲಿ, ನೀವು ಅವಳ ಹಿಂದೆ, ಸ್ವಲ್ಪ ಬಲಕ್ಕೆ ಇರಿ.

ರಸ್ತೆಗೆ ಇಳಿಯುವ ಮೊದಲು ಮೈದಾನದಲ್ಲಿ ಒಂದು ಅಭ್ಯಾಸ ಮಾಡಿಸಿ. ನೆಲದ ಮೇಲೆ ಉದ್ದಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ, ಅದರ ಮೇಲೆ ತುಳಿಯಲು ಹೇಳಿ. ನೀವು ಹಿಂದೆ ನಿಂತು ಕೂಗಿ, ಅವಳು ಬಲ ಭುಜದ ಮೇಲಿಂದ ತಿರುಗಿ ನೋಡಿ ನೀವು ಎಷ್ಟು ಬೆರಳು ಎತ್ತಿದ್ದೀರಿ ಅಂತ ಹೇಳಬೇಕು. ಮೊದಲ ದಿನ ಸೈಕಲ್ ಗೆರೆ ಬಿಟ್ಟು ಬಲಕ್ಕೆ ಹೋಗುತ್ತದೆ, ಎಲ್ಲ ಮಕ್ಕಳದ್ದೂ ಹೋಗುತ್ತದೆ. ಹತ್ತಕ್ಕೆ ಹತ್ತು ಸಲ ಗೆರೆ ಬಿಡದೆ ಬೆರಳು ಸರಿಯಾಗಿ ಹೇಳಿದ ದಿನ ಇಲ್ಲಿ ಬರೆಯಿರಿ, ಆಮೇಲೆ ಶಾಲೆಯ ದಾರಿಯಲ್ಲಿರುವ ಕ್ರಾಸ್‌ಗಳನ್ನು ಒಂದೊಂದಾಗಿ ನೋಡೋಣ.